ಮಹಡಿಯೇರಿದ ಹಾಡುಗಳು

ಗುಬ್ಬಿ,

ಹೊಲಿದ ಬಟ್ಟೆಗಳನ್ನು ಅಂಗಡಿಗೆ ಕೊಟ್ಟು ಸಂಜೆಯೊಳಗೆ ಬರುತ್ತೇನೆ. ಊಟ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡೇ ತಿನ್ನು. ತಂತಿಯ ಮೇಲಿನ ಬಟ್ಟೆ ಒಣಗಿದ್ದರೆ ಒಳಗೆ ತಾ.

ನಿನ್ನೆ ಕತ್ತರಿ ಕೇಳಲು ಮಹಡಿಗೆ, ಚಿಕ್ಕಮ್ಮನ ಮನೆಗೆ ಬಂದೆನಲ್ಲ. ಇಯರ್‌ಫೋನಿನ ಒಂದು ತುದಿ ನಿನ್ನ ಕಿವಿಯಲ್ಲಿ, ಇನ್ನೊಂದು ಅವಳ ಕಿವಿಯಲ್ಲಿ. ತಲೆಗೆ ತಲೆ ತಾಗಿಸಿ ಬಟಾಣಿ ಸುಲಿಯುತ್ತಿದ್ದಿರಿ. "ಅಕ್ಕಾ, ನಿನ್ನ ಮಗಳು ಎಂಥೆಂಥ ಹಾಡು ಹುಡುಕ್ತಾಳೆ! ನಿಂಗೆ ಗೊತ್ತೇ ಇಲ್ವಾ?" ಎಂದಳು. "ಗೊತ್ತು ಬಿಡೇ" ಎಂದು ಕತ್ತರಿಯನ್ನೂ ಮರೆತು ಇಳಿದು ಬಂದೆ. ಹೊಟ್ಟೆ ಉರಿಯಿತು ಮಗಳೇ, ಅದೂ ಒಡಹುಟ್ಟಿದವಳ ಮೇಲೆ.

ನಾನು ಮಿಷನ್ ತುಳಿಯುವಾಗ ನೀನು ಹಾಡು ಹಾಕಿದರೆ "ಆಫ್ ಮಾಡೇ, ತಲೆ ಚಿಟ್ಟು ಹಿಡಿಯುತ್ತೆ" ಎಂದು ರೇಗುತ್ತಿದ್ದೆ, ನಿಜ. ಹಾಡು ಬೇಡವೆಂದಲ್ಲ ಕಣೇ. ಹಾಡು ಶುರುವಾದರೆ ನೀನು ನನ್ನೊಂದಿಗೆ ಮಾತು ನಿಲ್ಲಿಸುತ್ತಿದ್ದೆ. ಈಗ ಮಾತೂ ಇಲ್ಲ, ಹಾಡೂ ಇಲ್ಲ. ಎರಡೂ ಮಹಡಿ ಹತ್ತಿವೆ.

ಚಿಕ್ಕಮ್ಮನ ಹತ್ತಿರ ಹೋಗಬೇಡ ಎನ್ನುವುದಿಲ್ಲ. ಅವಳಿಗೆ ಇನ್ನೂ ಕೇಳಿಸಿರದ ಒಂದು ಹಾಡನ್ನು ನನಗಾಗಿ ಎತ್ತಿಟ್ಟಿರು. ಬಂದು ಕೈಕಾಲು ತೊಳೆದ ಕೂಡಲೇ ಕೇಳುತ್ತೇನೆ. ನಾಳೆ ಬೇಕಿದ್ದರೆ ಅವಳಿಗೂ ಹಾಕು. ಅಮ್ಮ ಆಗಲೇ ಕೇಳಿದ್ದಾಳೆ ಎಂದು ಮಾತ್ರ ಹೇಳಲು ಮರೆಯಬೇಡ.

ಅಮ್ಮ