ಸೋಮವಾರ ನೀವು ಇಳಿಯುವ ಮುಂಚೆ

ನುಂಗಂಬಾಕ್ಕಂ, ಮದರಾಸು
ಗುರುವಾರ, ೨೨ ಫೆಬ್ರವರಿ ೧೯೬೨

ಪ್ರಿಯ ಐತಪ್ಪನವರಿಗೆ, ಪಂಢರಿನಾಥನ ನಮಸ್ಕಾರಗಳು.

ನಾಳೆಯ ಟಪಾಲಿಗೆ ಈ ಕಾಗದ ತಿರುವೊಟ್ಟಿಯೂರು ಸೇರುತ್ತದೆ. ತಡವಾದರೂ ಶನಿವಾರ ತಪ್ಪದು. ಸೋಮವಾರ ನೀವು ಮತ್ತೆ ನೀರಿಗಿಳಿಯುವ ಮುಂಚೆ ಇದು ನಿಮ್ಮ ಕಿವಿಗೆ ಬೀಳಲೇಬೇಕು. ಕಣ್ಣಿಗೆ ಎನ್ನದೆ ಕಿವಿಗೆ ಎಂದೆ, ಏಕೆಂದರೆ ನಿಮಗೆ ಬಂದ ಕಾಗದಗಳನ್ನೆಲ್ಲ ಚಂದ್ರಮತಿಯಮ್ಮನವರೇ ಓದಿ ಹೇಳುವುದು ನನಗೆ ಗೊತ್ತು. ನನ್ನ ತಪ್ಪನ್ನು ನೀವು ನಿಮ್ಮ ಹೆಂಡತಿಯ ಬಾಯಿಂದಲೇ ಕೇಳಬೇಕಾಗಿದೆ. ಅಮ್ಮಾ, ನಡುವೆ ಕೋಪ ಬಂದರೆ ಬರಲಿ, ಓದುವುದನ್ನು ಮಾತ್ರ ನಿಲ್ಲಿಸಬೇಡಿ.

ಒಂದೇ ಊರಿನಲ್ಲಿದ್ದು ಕಾಗದ ಬರೆಯುವುದೇನು, ಬಸ್ಸು ಹತ್ತಿ ಬರಬಾರದೆ ಎಂದು ನೀವು ನಗಬಹುದು. ನೀವು ಹಾಸಿಗೆ ಹಿಡಿದ ಈ ಒಂದು ತಿಂಗಳಲ್ಲಿ ಎರಡು ಸಲ ಬಂದೆನಲ್ಲ, ಎರಡು ಸಲವೂ ಇದನ್ನು ಹೇಳಲೆಂದೇ ಬಂದಿದ್ದೆ. ಮೊದಲ ಸಲ ಬಾಳೆಹಣ್ಣಿನ ವಿಷಯ ಮಾತಾಡಿ ಎದ್ದೆ. ಎರಡನೆಯ ಸಲ ನಿಮ್ಮ ಬಾವಿಯ ನೀರು ಉಪ್ಪೋ ಸಿಹಿಯೋ ಎಂದು ಅರ್ಧ ಗಂಟೆ ವಿಚಾರಿಸಿದೆ. ಸಮುದ್ರದ ತಳಕ್ಕೆ ಇಳಿದು ಬರುವ ಮನುಷ್ಯ ಮಂಚದ ಮೇಲೆ ಆರಾಮವಾಗಿ ಮಲಗಿದ್ದರೆ, ದೋಣಿಯ ಮೇಲೆ ನಿಂತು ಸಂಬಳ ಎಣಿಸುವ ನಾನು ಎದುರಿಗೆ ಕೂತು ಬಾಗಿಲ ಕಡೆ ನೋಡುತ್ತಿದ್ದೆ.

ನಿನ್ನೆ ನಮ್ಮ ಧಣಿ ಕೃಷ್ಣಪ್ರಸಾದರು ಗೋದಾಮಿಗೆ ಬಂದು, "ಐತಪ್ಪ ಸೋಮವಾರ ಬರ್ತಾನಂತೆ. ಸಾಮಾನೆಲ್ಲ ಪಂಢರಿರಾಯರೇ ನೋಡ್ಬೇಕು, ಬೇರೆಯವರು ಮುಟ್ಟೋದು ಬೇಡ ಅಂತ ಹೇಳಿ ಕಳಿಸಿದಾನೆ" ಎಂದರು. ನನಗೆ ಸಂತೋಷವಾದೀತೆಂದು ಅವರು ಹೇಳಿದ್ದು. ನಾನು ಅಲ್ಲೇ ಹಗ್ಗದ ಸುರುಳಿಯ ಮೇಲೆ ಕುಸಿದು ಕೂತೆ.

ಈಗ ಬರೆಯುವುದರಲ್ಲಿ ಅರ್ಧ ನಿಮಗೆ ಗೊತ್ತಿರುವುದೇ. ಚಂದ್ರಮತಿಯಮ್ಮನವರಿಗೂ ತಿಳಿಯಲೆಂದು ಬರೆಯುತ್ತೇನೆ. ಅಮ್ಮಾ, ಬಂದರಿನಲ್ಲಿ ಮುಳುಗಿದ ಲಂಗರು, ಸರಪಳಿ, ಸರಕು ಎತ್ತುವುದು ನಮ್ಮ ಧಣಿಗಳ ಗುತ್ತಿಗೆ. ನಿಮ್ಮ ಯಜಮಾನರು ರಬ್ಬರಿನ ಉಡುಪು ತೊಟ್ಟು, ಸೀಸದ ಬೂಟು ಕಟ್ಟಿ, ತಾಮ್ರದ ಹೆಲ್ಮೆಟ್ಟು ಹಾಕಿಕೊಂಡು ಇಳಿಯುತ್ತಾರೆ. ದೋಣಿಯ ಮೇಲೆ ಇಬ್ಬರು ಪಂಪಿನ ಚಕ್ರ ತಿರುಗಿಸುತ್ತಾರೆ. ಆ ಗಾಳಿ ಉದ್ದದ ಕೊಳವೆಯಲ್ಲಿ ಹೆಲ್ಮೆಟ್ಟಿಗೆ ಹೋಗುತ್ತದೆ. ಕೆಳಗೆ ಅವರಿಗೆ ಬೇರೆ ಗಾಳಿ ಇಲ್ಲ. ಕೊಳವೆಯ ಜೋಡಣೆ, ಹೆಲ್ಮೆಟ್ಟಿನ ತಿರುಪು, ಹಗ್ಗ, ಪಂಪು ಎಲ್ಲವನ್ನೂ ಮೊದಲೇ ಪರೀಕ್ಷಿಸಿ ಪುಸ್ತಕದಲ್ಲಿ "ಸರಿ" ಎಂದು ಬರೆದು ಸಹಿ ಹಾಕುವವನು ನಾನು. ಹನ್ನೊಂದು ವರ್ಷದಲ್ಲಿ ಅವರು ಒಂದು ದಿನವೂ ನನ್ನ ಹಿಂದೆ ನಿಂತು ನೋಡಿದವರಲ್ಲ. "ನೀವು ನೋಡಿದ ಮೇಲೆ ನಾನೆಂತ ನೋಡುದು ರಾಯರೇ" ಎಂದು ನಕ್ಕು ಕುತ್ತಿಗೆ ಒಡ್ಡುತ್ತಿದ್ದರು. ನಾನು ಹೆಲ್ಮೆಟ್ಟು ಕೂರಿಸಿ ಮುಂದಿನ ಗಾಜು ತಿರುಪುತ್ತಿದ್ದೆ.

ಆ ಪಂಪಿನೊಳಗೆ ಚರ್ಮದ ವಾಷರುಗಳಿವೆ. ಚರ್ಮ ಮೆತ್ತಗಿದ್ದರೆ ಗಾಳಿ ಸೋರುವುದಿಲ್ಲ. ಅದಕ್ಕಾಗಿ ವಾರಕ್ಕೊಮ್ಮೆ ಎಣ್ಣೆ ತಿಕ್ಕಬೇಕು, ಆ ಎಣ್ಣೆಯ ಡಬ್ಬಿಯೇ ಬೇರೆ. ದನದ ಕಾಲಿನ ಎಲುಬು ಬೇಯಿಸಿ ತೆಗೆದ ಎಣ್ಣೆ ಅದು. ಪಂಪು ತಿರುಗಿಸುವ ಮುದುಕರೊಬ್ಬರು ಮೊದಲಿನಿಂದ ಅದನ್ನು ಹಚ್ಚುತ್ತಿದ್ದರು. ಕಳೆದ ಬೇಸಗೆಯಲ್ಲಿ ಅವರು ಕೆಲಸ ಬಿಟ್ಟರು, ಡಬ್ಬಿ ನನ್ನ ಕೈಗೆ ಬಂತು.

ಮೊದಲ ದಿನ ಹಚ್ಚಿ ಮನೆಗೆ ಹೋದಾಗ ನಮ್ಮ ತಾಯಿ ಭೀಮಾಬಾಯಿ ಬಾಗಿಲಲ್ಲೇ ಮೂಗು ಮುಚ್ಚಿದರು. "ಎನ್ನಡಾ ಇದು ನಾತ, ಪಂಢರಿ? ಸೋಪು ಹಚ್ಚಿದ್ರೂ ಹೋಗಲ್ವಲ್ಲೋ. ಈ ಕೈಲಿ ಸಾಲಿಗ್ರಾಮ ಮುಟ್ಟಬ್ಯಾಡ" ಎಂದರು. ನಾವು ಮಾಧ್ವರು, ಅಪ್ಪ ತೀರಿದ ಮೇಲೆ ಮನೆಯ ಪೂಜೆ ನನ್ನದು. ಚರ್ಮ ಮುಟ್ಟಿ ಬಂದರೂ ಸ್ನಾನ ಮಾಡಿ ಒಳಗೆ ಹೋಗಬಹುದು ಎಂದು ಮನೆಯಲ್ಲಿ ಎಂದೋ ಒಪ್ಪಿಕೊಂಡಿದ್ದರು, ಸಂಬಳ ಬೇಕಲ್ಲ. ಈ ವಾಸನೆಗೆ ಸ್ನಾನವೂ ಸಾಲಲಿಲ್ಲ. ಮರುವಾರದಿಂದ ನಾನು ಮನೆಯ ತೆಂಗಿನೆಣ್ಣೆಯನ್ನೇ ಒಯ್ದು ಹಚ್ಚತೊಡಗಿದೆ. ಎಣ್ಣೆ ಎಂದರೆ ಎಣ್ಣೆ ತಾನೆ ಎಂದುಕೊಂಡೆ. ಡಬ್ಬಿ ತುಂಬಿದ ಹಾಗೇ ಇದ್ದರೆ ಯಾರಾದರೂ ಕೇಳಿಯಾರೆಂದು ವಾರವಾರವೂ ಅದರಿಂದ ಎರಡು ಚಮಚ ಸಮುದ್ರಕ್ಕೆ ಸುರಿಯುತ್ತಿದ್ದೆ. ಅಷ್ಟು ಬುದ್ಧಿ ಮಾತ್ರ ನನಗೆ ಚೆನ್ನಾಗಿ ಓಡಿತು.

ಅಂದು ಸಂಕ್ರಾಂತಿ ಕಳೆದು ಎಂಟು ದಿನವಾಗಿತ್ತು. ಬೆಳಗ್ಗೆ ಚಳಿಯಿತ್ತು. ನನ್ನ ಹೆಂಡತಿ ರಮಾಬಾಯಿ ಮಕ್ಕಳ ತಲೆಗೆ ಹಚ್ಚುವ ತೆಂಗಿನೆಣ್ಣೆಯ ಬಾಟಲಿಯನ್ನು ಕರಗಲೆಂದು ಬಿಸಿಲಿಗಿಟ್ಟಿದ್ದಳು. ಒಳಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ನಾನು ಅದನ್ನು ದಾಟಿಕೊಂಡೇ ಕೆಲಸಕ್ಕೆ ಹೊರಟೆ, ಪಂಪಿನೊಳಗೂ ಅದು ಹೀಗೇ ಗಟ್ಟಿಕಟ್ಟಿರಬಹುದೆಂದು ಹೊಳೆಯಲಿಲ್ಲ. ದೋಣಿಯ ಮೇಲೆ ಕೊಳವೆಯ ಬಾಯಿ ಕಟ್ಟಿ ಪಂಪು ತಿರುಗಿಸಿ ನೋಡಿದೆವು. ಗಾಳಿಯ ಒತ್ತಡ ತೋರಿಸುವ ಮಾಪಕದ ಮುಳ್ಳು ಗುರುತಿನವರೆಗೆ ಏರಿ ಅಲ್ಲೇ ನಿಲ್ಲಬೇಕು. ಅಂದು ಏರಿತು, ಆಮೇಲೆ ಮೆಲ್ಲಗೆ ಕೆಳಗೆ ಜಾರಿತು. ಐತಪ್ಪನವರೇ, ನಾನು ಅದನ್ನು ಕಣ್ಣಾರೆ ನೋಡಿದೆ. ಬಾಯಿಬಿಟ್ಟರೆ ಪಂಪು ಬಿಚ್ಚಬೇಕು, ಬಿಚ್ಚಿದರೆ ತೆಂಗಿನೆಣ್ಣೆಯ ವಾಸನೆ ಎಲ್ಲರಿಗೂ ಗೊತ್ತಾಗುತ್ತದೆ. ಚಳಿಗೆ ಹೀಗಾಗಿದೆ, ತಿರುಗಿಸುತ್ತ ಬಿಸಿಯಾದರೆ ಸರಿಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು "ಸರಿ" ಎಂದು ಬರೆದೆ. ನೀವು ಎಂದಿನ ಹಾಗೆ ನನ್ನೆದುರು ಬಂದು ಕೂತಿರಿ.

ಮೇಲೆ ಗಾಳಿ ಬಂದದ್ದು ನಿಜ. ನಲವತ್ತು ಅಡಿ ನೀರಿನ ಭಾರ ಬಿದ್ದಾಗ ಒಣಗಿದ ಚರ್ಮ ಸೋತಿತು. ಹಗ್ಗವನ್ನು ನಾಲ್ಕು ಸಲ ಎಳೆದರೆ ಮೇಲೆತ್ತಬೇಕು ಎಂದು ನಮ್ಮ ಗುರುತು. ನನ್ನ ಕೈಯಲ್ಲಿ ಹಗ್ಗ ಒಂದು ಸಲ ಎಳೆಯಿತು, ಎರಡು ಸಲ ಎಳೆಯಿತು. ಮೂರಕ್ಕಾಗಿ ಕಾಯುತ್ತ ನಿಂತೆ. ಎಷ್ಟು ಹೊತ್ತು ನಿಂತೆನೋ ತಿಳಿಯದು, ಪಂಪಿನವರು "ಎಳೀರಿ ಸಾಮಿ" ಎಂದು ಕೂಗಿದ ಮೇಲೆ ಎಚ್ಚರವಾಯಿತು. ಎತ್ತಿದಾಗ ಗಾಜಿನ ಹಿಂದೆ ನಿಮ್ಮ ತುಟಿ ನೀಲಿಯಾಗಿತ್ತು, ಮೂಗಿನಿಂದ ರಕ್ತ ಬರುತ್ತಿತ್ತು. ಗಾಜು ಬಿಚ್ಚಲು ನನ್ನ ಬೆರಳು ಬಗ್ಗಲಿಲ್ಲ. ಪಂಪಿನವರೇ ನನ್ನನ್ನು ತಳ್ಳಿ ಬಿಚ್ಚಿದರು.

ಎಲ್ಲರೂ ನಿಮ್ಮ ಜೊತೆ ಆಸ್ಪತ್ರೆಯಲ್ಲಿದ್ದಾಗ ನಾನೊಬ್ಬನೇ ಗೋದಾಮಿನಲ್ಲಿ ಪಂಪು ಬಿಚ್ಚಿದೆ. ವಾಷರು ಹಳೆಯ ಹಪ್ಪಳದ ಹಾಗೆ ಅಂಚಿನಲ್ಲಿ ಸೀಳಿತ್ತು. ಹೊಸದು ಹಾಕಿ, ಹಳೆಯದನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ಹೋದೆ.

ಮರುದಿನ ಧಣಿಗಳು ನೋಡಿದಾಗ ಪಂಪಿನಲ್ಲಿ ದೋಷವಿರಲಿಲ್ಲ. ಹಾಗಾದರೆ ತಪ್ಪು ಮನುಷ್ಯನದು ಎಂದಾಯಿತು. "ಎಲ್ಲೋ ಕದ್ದು ಕುಡಿದು ಇಳಿದಿರ್ಬೇಕು" ಎಂದರು. ಪಾನನಿಷೇಧದ ಊರಿನಲ್ಲಿ ಇಂಥ ಮಾತು ಬೇಗ ಅಂಟಿಕೊಳ್ಳುತ್ತದೆ. ಪುಸ್ತಕದಲ್ಲಿಯೂ ಹಾಗೆಯೇ ಬರೆದರು. ಆಸ್ಪತ್ರೆಯಲ್ಲಿ ಕೇಳಿದಾಗ ನೀವು ಹೇಳಿದ್ದೇನು? "ನಾನು ಕುಡಿಲಿಲ್ಲ ಸ್ವಾಮಿ. ಗಾಳಿಯೂ ಸರಿ ಇತ್ತು, ರಾಯರು ನೋಡಿದ್ದಲ್ವಾ. ನನಗೇ ತಲೆ ತಿರುಗಿರ್ಬೇಕು." ನಾನು ಮಂಚದ ಕಾಲ ಬಳಿಯಲ್ಲೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಎರಡನೆಯ ಸಲ ನಿಮ್ಮ ಮನೆಯಿಂದ ಹೊರಟಾಗ ಚಂದ್ರಮತಿಯಮ್ಮ ಬೇಲಿಯ ತನಕ ಬಂದರು. "ಸತ್ಯ ಹೇಳಿ ರಾಯರೇ, ಅವತ್ತು ಇವರು ಕುಡಿದಿದ್ರಾ? ಮಕ್ಕಳ ಮೇಲೆ ಆಣೆ ಹಾಕಿ ಇಲ್ಲ ಅಂತಾರೆ. ನನಗೆ ನಂಬ್ಲಿಕ್ಕೆ ಆಗುದಿಲ್ಲ" ಎಂದು ಕೇಳಿದರು. ನಾನು "ಗೊತ್ತಿಲ್ಲಮ್ಮ" ಎಂದು ಹೇಳಿ ಬಸ್ಸಿನ ಕಡೆ ನಡೆದೆ. ಎಣ್ಣೆ ಬದಲಾಯಿಸಿದ್ದನ್ನು ದಡ್ಡತನ ಎಂದಾದರೂ ಹೇಳಿಕೊಳ್ಳಬಹುದು, ಆ ಒಂದು ಮಾತಿಗೆ ನನ್ನಲ್ಲಿ ಯಾವ ಹೆಸರೂ ಇಲ್ಲ. ಅಮ್ಮಾ, ನನಗೆ ಗೊತ್ತಿತ್ತು. ಅವರು ಕುಡಿದಿರಲಿಲ್ಲ. ಅಂದು ಹೆಲ್ಮೆಟ್ಟು ಕೂರಿಸುವಾಗ ನನ್ನ ಮುಖಕ್ಕೆ ಗೇಣು ದೂರದಲ್ಲಿ ಅವರ ಮುಖವಿತ್ತು. ಎಲೆಯಡಿಕೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಇನ್ನಾದರೂ ಅವರನ್ನು ನಂಬಿ.

ನಾಳೆ ಬೆಳಗ್ಗೆ ಇದನ್ನೆಲ್ಲ ಬರೆದ ಇನ್ನೊಂದು ಕಾಗದವನ್ನೂ ಸೀಳಿದ ವಾಷರನ್ನೂ ಕೃಷ್ಣಪ್ರಸಾದರ ಮೇಜಿನ ಮೇಲಿಡುತ್ತೇನೆ. ಕೆಲಸ ಹೋದರೆ ಹೋಗಲಿ. ಆ ಅವಘಡದ ದಿನದಿಂದ ಪಂಪಿಗೆ ಆ ಡಬ್ಬಿಯ ಎಣ್ಣೆಯನ್ನೇ ಬರಿಗೈಯಲ್ಲಿ ತಿಕ್ಕುತ್ತಿದ್ದೇನೆ. ಪೂಜೆಯನ್ನು ತಮ್ಮ ವಿಷ್ಣುತೀರ್ಥನಿಗೆ ಒಪ್ಪಿಸಿದೆ, ನಮ್ಮ ತಾಯಿ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಇಷ್ಟಾದರೂ ನನ್ನ ಪರೀಕ್ಷೆಯ ಮೇಲೆ ನನಗೇ ನಂಬಿಕೆಯಿಲ್ಲ. ಮುಳ್ಳು ಅಲುಗದೆ ನಿಂತಿದ್ದರೂ ಜಾರಿದ ಹಾಗೆ ಕಾಣುತ್ತದೆ. ತಿರುಪು ಬಿಗಿದು ಹತ್ತು ಹೆಜ್ಜೆ ಹೋಗಿ ಮತ್ತೆ ಬಂದು ಬಿಗಿಯುತ್ತೇನೆ. ಊಟಕ್ಕೆ ಕೂತಾಗ ಕೈಯಲ್ಲಿ ಹಗ್ಗ ಎಳೆದ ಹಾಗಾಗುತ್ತದೆ, ಅನ್ನ ಕಲಸುವುದನ್ನು ಬಿಟ್ಟು ಎಣಿಸುತ್ತ ಕೂರುತ್ತೇನೆ. ಎರಡರ ಮುಂದೆ ಎಣಿಕೆ ಹೋಗುವುದಿಲ್ಲ.

ಸೋಮವಾರ ಯಾರೇ ಪರೀಕ್ಷೆ ಮಾಡಲಿ, ನಿಮ್ಮೆದುರು ಪಂಪು ಬಿಚ್ಚಿಸಿ. ಚರ್ಮವನ್ನು ಬೆರಳಲ್ಲಿ ಒತ್ತಿ ನೋಡಿ, ಮೂಸಿ ನೋಡಿ. ಮುಳ್ಳು ನಿಂತದ್ದನ್ನು ನಿಮ್ಮ ಕಣ್ಣಿನಿಂದ ನೋಡದೆ ದಯವಿಟ್ಟು ಇಳಿಯಬೇಡಿ. ನೀವು ಬೈದರೆ ತಲೆ ತಗ್ಗಿಸಿ ನಿಲ್ಲುತ್ತೇನೆ. ಹೊಡೆದರೂ ಸರಿ. ಮುಖ ತೋರಿಸಬೇಡ ಎಂದರೆ ಬಂದರಿನ ಕಡೆ ತಿರುಗಿ ನೋಡುವುದಿಲ್ಲ. ಇವು ಯಾವುದಕ್ಕೂ ನನಗೆ ಹೆದರಿಕೆಯಿಲ್ಲ. ಆದರೆ ಹನ್ನೊಂದು ವರ್ಷದಿಂದ ನಿಮ್ಮನ್ನು ಬಲ್ಲೆ. ಇದನ್ನೆಲ್ಲ ಕೇಳಿ, ಆದದ್ದಾಯಿತು ಎಂದು ನನ್ನನ್ನು ಕ್ಷಮಿಸಿಬಿಡುತ್ತೀರಿ. ನನಗೆ ಭಯವಿರುವುದು ಅದಕ್ಕೇ. ನೀವು ಕ್ಷಮಿಸಿದರೆ ನಿಮ್ಮ ಉಸಿರು ಮತ್ತೆ ಈ ಕೈಗೇ ಬರುತ್ತದೆ.

ಇಳಿದಷ್ಟು ಸಲವೂ ದೇವರು ನಿಮ್ಮನ್ನು ಮೇಲೆ ತರಲಿ, ನಿಮ್ಮ ಹೆಂಡತಿ ಮಕ್ಕಳ ನಡುವೆ ನೂರು ವರ್ಷ ಬಾಳಿ.

ನಿಮ್ಮ ನಂಬಿಕೆಗೆ ತಕ್ಕವನಾಗದ,
ಪಂಢರಿನಾಥ