ಮಾಲೆ ಬಲ್ಬಿನ ಗೆರೆಗಳು

ಬಂಟ್ವಾಳ
೧೨-೨-೨೦೨೪

ಪ್ರೀತಿಯ ಅಣ್ಣನಿಗೆ ಸಾತ್ವಿಕಾಳ ನಮಸ್ಕಾರ.

ನಿನ್ನ ಬೆನ್ನುನೋವು ಈಗ ಹೇಗಿದೆ? ಅಲ್ಲಿ ಬೆಳಿಗ್ಗೆ ಚಳಿಯಂತೆ, ತಲೆಗೆ ಬಟ್ಟೆ ಕಟ್ಟಿಕೊಂಡೇ ಕೆಲಸಕ್ಕೆ ಹೋಗು. ಇಲ್ಲಿ ಅಪ್ಪ, ನಾನು ಇದ್ದೇವೆ. ಮದುವೆಗಳ ಸಮಯವಲ್ಲವಾ, ಆಯಾಸ ಮುಗಿಯುವುದೇ ಇಲ್ಲ. ಅಪ್ಪ ಫೋಟೋ ತೆಗೆಯುವಾಗ ಲೈಟು ಹಿಡಿದು ಹಿಡಿದು ನನ್ನ ಭುಜ ಸೋತಿದೆ, ಬಸ್ಸಿನಲ್ಲಿ ನಿಂತೇ ನಿದ್ದೆ ಬರುತ್ತದೆ. ಪಕ್ಕದ ಅಂಗಡಿಯ ನೌಫಲ್ ಗುರುವಾರ ದುಬೈಗೆ ಹಿಂದಿರುಗುತ್ತಾನೆ. ಅವನ ಕೈಯಲ್ಲಿ ಈ ಪತ್ರ, ಹಲಸಿನ ಹಪ್ಪಳ, ಒಂದು ಫೋಟೋ ಕಳಿಸುತ್ತಿದ್ದೇನೆ.

ಕ್ಯಾಮರಾದ ವಿಷಯ ನಿನಗೆ ಸರಿಯಾಗಿ ಬರೆಯಲು ಅಪ್ಪ ಹೇಳಿದ್ದಾರೆ. ಹೋದ ತಿಂಗಳು ಅಳದಂಗಡಿಯಲ್ಲಿ ಒಂದು ಮೆಹಂದಿ ಇತ್ತು. ಚಪ್ಪರದ ತುಂಬ ಮಾಲೆ ಬಲ್ಬು. ಬರೀ ಫ್ಲ್ಯಾಶ್ ಹೊಡೆದರೆ ಮದುಮಗಳ ಮುಖ ಬೆಳ್ಳಗೆ ಬಂದು ಹಿಂದೆಲ್ಲ ಕತ್ತಲಾಗುತ್ತದೆ, ಚಪ್ಪರ ಕಟ್ಟಿದವನ ಶ್ರಮ ಹಾಳು ಎಂದು ಅಪ್ಪ ಹೇಳುವುದು ನಿನಗೆ ಗೊತ್ತಲ್ಲ. ಹಾಗಾಗಿ ಯಾವಾಗಿನಂತೆ ಶಟರ್ ನಿಧಾನಕ್ಕೆ ಇಟ್ಟು ಫ್ಲ್ಯಾಶ್ ಹೊಡೆದರು. ಫ್ಲ್ಯಾಶ್ ಮುಖವನ್ನು ಹಿಡಿಯುತ್ತದೆ, ತೆರೆದೇ ಇರುವ ಶಟರ್ ಹಿಂದಿನ ಬೆಳಕನ್ನು ಕುಡಿಯುತ್ತದೆ. ಅಷ್ಟು ಹೊತ್ತು ಕ್ಯಾಮರಾವನ್ನು ಕೈಯಲ್ಲೇ ಇಟ್ಟುಕೊಂಡು, ಉಸಿರು ಬಿಗಿಹಿಡಿದು ಕಲ್ಲಿನ ಹಾಗೆ ನಿಲ್ಲುವುದು ಅಪ್ಪನಿಗೆ ಮಾತ್ರ ಬರುತ್ತಿತ್ತು. ಕ್ಯಾಮರಾ ನಿಲ್ಲಿಸುವ ಸ್ಟ್ಯಾಂಡ್ ತೆಗೆದುಕೊಂಡು ಹೋಗುವ ಎಂದರೆ, "ಮದುಮಗಳ ಅಜ್ಜಿ ಅದಕ್ಕೆ ಎಡವಿ ಬಿದ್ರೆ ನೀನು ಎತ್ತುತ್ತೀಯಾ?" ಎನ್ನುತ್ತಾರೆ.

ಪ್ರಿಂಟ್ ಬಂದಾಗ ಮುಖಗಳೆಲ್ಲ ಸರಿ, ಬಲ್ಬುಗಳು ಮಾತ್ರ ಗೆರೆ ಗೆರೆ, ಮಗು ಗೀಚಿದ ಹಾಗೆ. ಮದುಮಗಳ ಸೋದರಮಾವ ಶಂಭಣ್ಣ ಸ್ಟುಡಿಯೋಕ್ಕೆ ಬಂದು, "ಧರ್ಣಪ್ಪಣ್ಣ, ಇದು ಮೆಹಂದಿಯದ್ದಾ, ಪಟಾಕಿಯದ್ದಾ ಮಾರಾಯ್ರೆ?" ಎಂದರು. ಅಲ್ಲಿದ್ದವರೆಲ್ಲ ನಕ್ಕರು. ಅಪ್ಪನೂ ನಕ್ಕು, "ಕ್ಯಾಮರಾಕ್ಕೆ ವಯಸ್ಸಾಯ್ತು, ಮಗ ಹೊಸತು ಕಳಿಸ್ತಾನೆ" ಎಂದರು. ಅದರದ್ದೇ ಒಂದು ಫೋಟೋ ಇಟ್ಟಿದ್ದೇನೆ, ನೋಡು.

ಈ ಸಲದ ರಜೆ ಬಿಟ್ಟು, ಆ ಟಿಕೆಟಿನ ದುಡ್ಡಿನಲ್ಲಿ ಹೊಸ ಕ್ಯಾಮರಾ ತೆಗೆದು ಕಳಿಸುತ್ತೇನೆ ಎಂದೆಯಂತೆ. ಮುಂದಿನ ತಿಂಗಳು ಮೂಡಬಿದಿರೆಯಲ್ಲಿ ದೊಡ್ಡ ಮದುವೆ ಒಪ್ಪಿಕೊಂಡಿದ್ದಾರೆ. ಅದಕ್ಕೆ ಮೊದಲು ತಲುಪಿದರೆ ಒಳ್ಳೆಯದು ಎಂದು ಅಪ್ಪ ಬರೆಸುತ್ತಿದ್ದಾರೆ.

ನಿನಗೆ ಅಪ್ಪನ ಆಶೀರ್ವಾದ. ಹಪ್ಪಳ ಒಬ್ಬನೇ ತಿನ್ನಬೇಡ, ರೂಮಿನವರಿಗೂ ಕೊಡು.

ನಿನ್ನ ತಂಗಿ,
ಸಾತ್ವಿಕಾ

ತಾ.ಕ.: ಅಪ್ಪ ಓದಿ, ಲಕೋಟೆ ಅಂಟಿಸಲು ಹೇಳಿ ಊಟಕ್ಕೆ ಹೋಗಿದ್ದಾರೆ. ಬೇಗ ಬರೆಯುತ್ತೇನೆ. ಫೋನಿನಲ್ಲಿ ಹೇಳಲು ಆಗುವುದಿಲ್ಲ, ಇರುವುದು ಒಂದೇ, ಅದು ಅವರ ಹತ್ತಿರವೇ ಇರುತ್ತದೆ. ಇನ್ನೊಂದು ಫೋಟೋವನ್ನೂ ಒಳಗೆ ಹಾಕಿದ್ದೇನೆ. ನಿನ್ನೆ ಸ್ಟುಡಿಯೋದ ಬಾಗಿಲು ಹಾಕಿ, ದೇವರ ಪಟದ ಮಾಲೆ ಬಲ್ಬಿನ ಎದುರು ಅದೇ ಕ್ಯಾಮರಾವನ್ನು ಸ್ಟೂಲಿನ ಮೇಲಿಟ್ಟು, ಶಟರ್ ಅಷ್ಟೇ ನಿಧಾನ ಮಾಡಿ ನಾನು ತೆಗೆದದ್ದು. ಒಂದೊಂದು ಬಲ್ಬೂ ಚುಕ್ಕೆಯಾಗಿ ನಿಂತಿದೆ. ಕ್ಯಾಮರಾಕ್ಕೆ ಏನೂ ಆಗಿಲ್ಲ ಅಣ್ಣ. ನಡುಗುತ್ತಿರುವುದು ಅಪ್ಪನ ಕೈ. ರಜೆ ಬಿಡಬೇಡ. ನೀನೇ ಬಂದು ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ನನಗೆ ಅವರ ಎದುರು ಬಾಯಿ ಬರುವುದಿಲ್ಲ. ಅವರಿಗೂ ಗೊತ್ತುಂಟು ಎಂದು ಕಾಣುತ್ತದೆ. ಈ ಪತ್ರವನ್ನು ಅವರು ಕೈಯಲ್ಲಿ ಹಿಡಿಯಲಿಲ್ಲ, ಮೇಜಿನ ಮೇಲೆ ಹರಡಿಟ್ಟೇ ಓದಿದರು.