ಹದಿನಾಲ್ಕನೆಯ ಪ್ರಶ್ನೆ

ಮಾರ್ಚ್ 3, ಸೋಮವಾರ. ಸಂಜೆ

ಕೆಂಪು ಕಂಪನಿಯಲ್ಲಿ ಟ್ರಯಲ್ ಮುಗಿಯಿತು. ಕೆಂಪು ಅಂದರೆ ಅಕ್ಕ ಕೆಲಸ ಮಾಡುವ ಪಾರ್ಸೆಲ್ ಕಂಪನಿ — ಕೆಂಪು ವ್ಯಾನು, ಕೆಂಪು ಟೀಶರ್ಟು. ಸ್ಟೂಲಿನ ಮೇಲೆ ಕೂರಿಸಿದರು. ಬೆಲ್ಟಿನ ಮೇಲೆ ಪಾರ್ಸೆಲ್ ಬರುತ್ತದೆ. ಸ್ಕ್ಯಾನರ್ ಹಿಡಿ, ಬೀಪ್, ಮುಂದಿನದು. ಹನ್ನೊಂದಕ್ಕೆ ಎಡಗಾಲು ಜೋಮು ಹಿಡಿಯಿತು. ಹನ್ನೆರಡಕ್ಕೆ ಬಲಗಾಲು. ಎರಡು ಸಲ ನೀರು ಕುಡಿಯಲು ಎದ್ದೆ. ಮೂರನೆಯ ಸಲ ಬಾಯಾರಿರಲಿಲ್ಲ, ಆದ್ದರಿಂದ ಏಳಲಿಲ್ಲ.

ಅಕ್ಕ ಆ ಫ್ಲೋರಿನ ಸೂಪರ್‌ವೈಸರ್. ಪಕ್ಕದಲ್ಲಿ ಹಾದುಹೋಗುವಾಗ ಮೆಲ್ಲಗೆ ಅಂದಳು, "ಬೆನ್ನು ನೆಟ್ಟಗೆ." ಮನೆಯಲ್ಲೂ ಅದೇ ಮಾತು. ಅಲ್ಲೂ ಅದೇ.

ಬಸ್ಸಿನಲ್ಲಿ ಕೇಳಿದಳು. "ಹೇಗಿತ್ತೇ ಚಕ್ರ?" ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅಮ್ಮ ಇಟ್ಟ ಹೆಸರು. ಅದೇ ಉಳಿದಿದೆ.

"ಕೂತ್ಕೊಂಡಿರೋದು ಕಷ್ಟ."

"ಸ್ಕೂಲ್ ಬಿಡೋವಾಗ್ಲೂ ಇದನ್ನೇ ಅಂದಿದ್ದೆ."

"ಆಗ್ಲೂ ನಿಜಾನೇ ಹೇಳಿದ್ದು."

ಬೇಕೆಂದರೆ ಮುಂದಿನ ಸೋಮವಾರದಿಂದ ಕೆಲಸ ನನ್ನದೇ. ಅಕ್ಕ ಹೇಳಿಟ್ಟಿದ್ದಾಳೆ.

ಮಾರ್ಚ್ 4, ಮಂಗಳವಾರ

ರಸ್ತೆಯ ಆಚೆ ಬದಿಗೆ ನೀಲಿ ಕಂಪನಿ. ಗೇಟಿಗೆ ಗೇಟು ಎದುರುಬದುರು. ಅಲ್ಲೂ ಟ್ರಯಲ್ ಕೊಟ್ಟೆ. ಕದ್ದು ಹೋಗಲಿಲ್ಲ, ಅಕ್ಕನಿಗೆ ಹೇಳಿಯೇ ಹೋದೆ.

ಇಲ್ಲಿ ಲೋಡಿಂಗ್. ಲಾರಿಯ ಹೊಟ್ಟೆಯೊಳಗೆ ನಿಂತು ಪೆಟ್ಟಿಗೆಗಳಿಂದ ಗೋಡೆ ಕಟ್ಟಬೇಕು. ಭಾರದ್ದು ಕೆಳಗೆ, ಹಗುರದ್ದು ಮೇಲೆ, ಸಂದು ಬಿಡಬಾರದು. ಕಲಿಸಿದವನನ್ನು ಎಲ್ಲರೂ ಟೇಪಣ್ಣ ಅನ್ನುತ್ತಾರೆ. ಮಣಿಕಟ್ಟಿನಲ್ಲಿ ಬಳೆಯ ಹಾಗೆ ಯಾವಾಗಲೂ ಒಂದು ಟೇಪಿನ ಸುರುಳಿ.

"ಮನೇಲಿ ಭಾರ ಎಲ್ಲಾ ತಲೆ ಮೇಲೆ ಬರುತ್ತೆ ಕಣಮ್ಮ. ಇಲ್ಲಿ ಕಾಲ ಹತ್ರ ಇಡು, ಸಾಕು."

ಮಧ್ಯಾಹ್ನದ ಹೊತ್ತಿಗೆ ನನ್ನ ಗೋಡೆ ಸೂರು ಮುಟ್ಟಿತು. ಟೇಪಣ್ಣ ಭುಜ ಕೊಟ್ಟು ತಳ್ಳಿ ನೋಡಿದ. ಅಲ್ಲಾಡಲಿಲ್ಲ. "ಕೈ ಇದೆ ನಿಂಗೆ" ಅಂದ. ಶಾಲೆಯಲ್ಲಿ ಒಂಬತ್ತು ವರ್ಷ ಕೂತೆ. ಹೀಗೆ ಯಾರೂ ಅಂದಿರಲಿಲ್ಲ.

ಸಂಬಳ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಅದನ್ನು ನೋಡಿ ಆರಿಸುವ ಹಾಗಿಲ್ಲ. ನೋಡಬೇಕಾದ್ದೂ ಇಲ್ಲ. ನನಗೆ ನೀಲಿಯೇ ಬೇಕು.

ಫಾರ್ಮು ಕೊಟ್ಟಿದ್ದಾರೆ. ಸೋಮವಾರ ತುಂಬಿ ಕೊಡಬೇಕು.

ಮಾರ್ಚ್ 5, ಬುಧವಾರ

ಒಂಬತ್ತನೆಯ ಪ್ರಶ್ನೆ: ಶಾಲೆ ಬಿಟ್ಟ ಕಾರಣ. "ಕೂರಲು ಆಗುತ್ತಿರಲಿಲ್ಲ" ಎಂದು ಬರೆದೆ. ಅಕ್ಕ ಓದಿ ನಕ್ಕಳು.

ಹದಿನಾಲ್ಕಕ್ಕೆ ಬಂದಾಗ ಪೆನ್ನು ನಿಂತಿತು. ನಿಮ್ಮೊಂದಿಗೆ ಒಂದೇ ಮನೆಯಲ್ಲಿ ವಾಸಿಸುವ ಯಾರಾದರೂ ಬೇರೆ ಪಾರ್ಸೆಲ್ ಕಂಪನಿಯಲ್ಲಿ ಕೆಲಸದಲ್ಲಿದ್ದಾರೆಯೇ? ಹೌದು / ಇಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ: ಹೌದಾದರೆ ಅರ್ಜಿ ಪರಿಗಣಿಸಲಾಗುವುದಿಲ್ಲ. ಒಬ್ಬರ ರೂಟು, ಒಬ್ಬರ ಗಿರಾಕಿ ಇನ್ನೊಬ್ಬರಿಗೆ ಗೊತ್ತಾಗಬಾರದಂತೆ.

ಅಮ್ಮ ಹೊಲಿಗೆ ಮಿಷನ್ ನಿಲ್ಲಿಸದೆಯೇ ಅಂದಳು, "ಇಲ್ಲ ಅಂತ ಗೀಚು. ಎರಡಕ್ಷರ. ಅದಕ್ಕೇನು ಗರ ಬಡಿದವಳ ಹಾಗೆ ಕೂತಿದ್ದೀಯ?"

"ಅಕ್ಕ ಇಲ್ಲೇ ಇದ್ದಾಳಲ್ಲಮ್ಮ. ನನ್ನೆದುರಿಗೇ ಇದ್ದಾಳೆ."

"ನಿನ್ನನ್ನ ಹೆತ್ತಿದ್ದು ನಾನೋ, ಹರಿಶ್ಚಂದ್ರನೋ!"

ಅಕ್ಕ ಫಾರ್ಮನ್ನೇ ನೋಡುತ್ತಿದ್ದಳು.

ನನಗೆ ಪಾರ್ಸೆಲ್ಲಿನ ಹುಚ್ಚು ಹಿಡಿಸಿದವಳೇ ಅವಳು. ನನಗೆ ಏಳು ವರ್ಷವಿದ್ದಾಗ ಒಂದು ತಿಂಗಳು ಜ್ವರ. ದಿನಾ ಶಾಲೆಯಿಂದ ಬಂದು ಬಾಗಿಲು ತಟ್ಟುತ್ತಿದ್ದಳು — "ಪಾರ್ಸೆಲ್!" ಪೇಪರಿನಲ್ಲಿ ಸುತ್ತಿ ಅಮ್ಮನ ದಾರದಿಂದ ಕಟ್ಟಿದ ಪುಟ್ಟ ಗಂಟು. ಬಿಚ್ಚುವ ಮೊದಲು ಅಲ್ಲಾಡಿಸಿ ಏನೆಂದು ಹೇಳಬೇಕು. ಸೀಮೆಸುಣ್ಣದ ಚೂರು, ಗುಂಡಿ, ಒಂದು ಸಲ ಬರೀ ಗಾಳಿ. "ಗಾಳಿ" ಎಂದು ಸರಿಯಾಗಿ ಹೇಳಿದ್ದೆ. ಸಹಿ ಹಾಕದೆ ಕೊಡುತ್ತಿರಲಿಲ್ಲ. ನನ್ನ ಹೆಸರು ಬರೆಯಲು ಕಲಿತದ್ದು ಹಾಗೆ, ಶಾಲೆಯಲ್ಲಲ್ಲ.

ಆಮೇಲೆ ನಿಜವಾಗಿಯೂ ಕೆಂಪು ಕಂಪನಿ ಸೇರಿದಳು. ಸಂಜೆ ಬಂದು ಕಾಲು ಚಾಚಿ ಕೂತು ಅಲ್ಲಿನ ಕಥೆ ಶುರುಮಾಡುವಳು. ಒಳಗೆ ಗಡಿಯಾರ ಬಡಿದು, ಬಾಂಬೆಂದು ಎಲ್ಲರನ್ನೂ ಓಡಿಸಿದ ಪೆಟ್ಟಿಗೆ. ತನಗೆ ತಾನೇ ಪ್ರತಿ ವರ್ಷ ಉಡುಗೊರೆ ಕಳಿಸಿಕೊಳ್ಳುವ ಮುದುಕ. ಅಮ್ಮ ಮಿಷನ್ ನಿಲ್ಲಿಸುತ್ತಿದ್ದುದು ಆಗ ಮಾತ್ರ.

ಮಾರ್ಚ್ 6, ಗುರುವಾರ

ಬೆಳಗ್ಗೆ ಹಲ್ಲುಜ್ಜುತ್ತಾ ಅಕ್ಕ ಅಂದಳು, "ಒಂದೇ ಮನೇಲಿ ಅಂತ ತಾನೇ ಇರೋದು? ನಾನು ಬೇರೆ ಇದ್ರೆ?"

ನನಗೆ ಅರ್ಥವಾಗಲಿಲ್ಲ. ಕಂಪನಿಯ ಹಿಂದಿನ ಬೀದಿಯಲ್ಲಿ ಒಂದು ರೂಮು ಖಾಲಿ ಇದೆಯಂತೆ. ಅಲ್ಲಿಗೆ ಹೋಗುತ್ತಾಳಂತೆ.

"ಆರು ತಿಂಗಳು ಕಣೇ. ನೀನು ಕಾಯಂ ಆಗೋವರೆಗೂ. ಆಮೇಲೆ ಯಾರು ಕೇಳ್ತಾರೆ?"

"ಒಂದು ಪ್ರಶ್ನೆಗೋಸ್ಕರ ಮನೆ ಬಿಡ್ತೀಯಾ?"

"ನೀನು ಸುಳ್ಳು ಬರೆಯಲ್ಲ. ಸ್ಟೂಲ್ ಮೇಲೂ ಕೂರಲ್ಲ. ನಾನಾದ್ರೂ ಜರುಗ್ಬೇಕಲ್ಲ."

ಅಮ್ಮ ನನ್ನನ್ನು ಬೈದಳು. ಅಕ್ಕನನ್ನಲ್ಲ, ನನ್ನನ್ನು. "ಕೆಂಪಿಗೆ ಹೋಗು. ಎಲ್ಲಾ ಒಟ್ಟಿಗೆ ಇರ್ತೀವಿ. ನಿನ್ನ ಕಾಲು ಒಂದಿಷ್ಟು ಜೋಮು ಹಿಡಿದ್ರೆ ಆಕಾಶ ಬೀಳುತ್ತಾ?"

ಬೀಳುವುದಿಲ್ಲ. ಅಮ್ಮ ಹೇಳಿದ್ದು ಸರಿ. ಇಡೀ ದಿನ ಯೋಚಿಸಿದೆ. ಸಂಜೆ ಅಕ್ಕನಿಗೆ ಹೇಳಿದೆ: "ನಾನು ಕೆಂಪಿಗೇ ಬರ್ತೀನಿ."

"ಅಡ್ವಾನ್ಸ್ ಕೊಟ್ಟಾಯ್ತು" ಅಂದಳು. ಅಷ್ಟು ಬೇಗ!

ಮಾರ್ಚ್ 8, ಶನಿವಾರ

ಅಕ್ಕನ ಪ್ಯಾಕಿಂಗ್. ನಾಲ್ಕು ಪೆಟ್ಟಿಗೆ, ಒಂದು ಸೂಟ್‌ಕೇಸು. ಒಂಬತ್ತು ವರ್ಷ ದುಡಿದವಳ ಸಾಮಾನು ಇಷ್ಟೇ. ಸಂದು ಬಿಡದೆ ತುಂಬಿದೆ. ಅಲ್ಲಾಡಿಸಿ ನೋಡಿದೆ, ಸದ್ದಿಲ್ಲ.

ಅಮ್ಮ ಹೊಸ ಕರ್ಟನ್ ಹೊಲಿದು ತಂದಳು. ಅಳತೆ? "ಕಿಟಕಿ ಎಷ್ಟು ದೊಡ್ಡದಿರುತ್ತೆ ಮಹಾ, ಆರು ತಿಂಗಳ ರೂಮಿಗೆ." ಚಿಕ್ಕದಾಗಿಯೇ ಹೊಲಿದಿದ್ದಳು.

ಅಕ್ಕ ಹೊರಟ ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ಅಮ್ಮ ನಿಂತಿದ್ದಳು. ನಾನು ಒಳಗೆ ಬಂದು ಸುಮ್ಮನೆ ಕೂತೆ. ಎಷ್ಟೋ ಹೊತ್ತು. ಕೂರಲು ಆಯಿತು.

ಮಾರ್ಚ್ 10, ಸೋಮವಾರ

ಹದಿನಾಲ್ಕು: ಇಲ್ಲ. ನಿಜ. ಎರಡು ದಿನದಿಂದ ನಿಜ.

ಆಫೀಸಿನ ಮೇಡಂ ಫಾರ್ಮು ತಿರುಗಿಸಿ ಕೊನೆಯಲ್ಲಿ ಸಹಿ ಇದೆಯೇ ಎಂದಷ್ಟೇ ನೋಡಿ ಸೀಲು ಒತ್ತಿದರು.

"ಮೇಡಂ, ಹದಿನಾಲ್ಕನೇದು ನೋಡಿ. ಶನಿವಾರದವರೆಗೂ ಅಕ್ಕ ನಮ್ಮನೇಲೇ ಇದ್ಲು."

ಕನ್ನಡಕದ ಮೇಲಿನಿಂದ ನೋಡಿದರು. "ಯಾವುದಮ್ಮ ಅದು ಹದಿನಾಲ್ಕು? ಅರ್ಧ ಜನರ ಮನೇಲಿ ಅಣ್ಣ ಅಲ್ಲಿ, ತಮ್ಮ ಇಲ್ಲಿ. ಯಾರೂ ಓದಲ್ಲ ಅದನ್ನ. ನಾಳೆ ಆರಕ್ಕೆ ಬಾ."

ಹೊರಗೆ ಬಂದು ಗೇಟಿನ ಹತ್ತಿರ ನಿಂತೆ. ನಗು ಬಂತು. ಆಮೇಲೆ ಬರಲಿಲ್ಲ.

ಮಾರ್ಚ್ 11

ಮೂರು ಲಾರಿ. ಕೈ ಬಾತಿದೆ, ಪೆನ್ನು ಹಿಡಿಯಲಾಗುತ್ತಿಲ್ಲ. ಕೆಲಸ ಚೆನ್ನಾಗಿದೆ.

ಮಾರ್ಚ್ 19, ಬುಧವಾರ

ಇವತ್ತು ಒಂದು ಪೆಟ್ಟಿಗೆ ಒಳಗಿಂದ ಹಾಡಿತು. ಆಟದ ಸಾಮಾನಿರಬೇಕು. ಟೇಪಣ್ಣ ಅದರ ಎದುರು ಕೈಕಟ್ಟಿ ನಿಂತು ಪೂರ್ತಿ ಕೇಳಿದ. ಮನೆಗೆ ಬಂದು ಹೇಳಿದೆ. ಅಮ್ಮ ಮಿಷನ್ ನಿಲ್ಲಿಸಲಿಲ್ಲ. ಅಕ್ಕನ ಹಾಗೆ ಹೇಳಲು ನನಗೆ ಬರುವುದಿಲ್ಲ. ಇದ್ದದ್ದನ್ನಷ್ಟೇ ಹೇಳುತ್ತೇನೆ. ಅವಳು ಆ ಉಡುಗೊರೆಯ ಮುದುಕನ ಕಥೆಗೆ ಒಂದು ಬೆಕ್ಕನ್ನೂ ಸೇರಿಸಿದ್ದಳು. ಅಂಥ ಬೆಕ್ಕೇ ಇರಲಿಲ್ಲವೆಂದು ಆಗಲೇ ಗೊತ್ತಿತ್ತು. ಆದರೂ ದಿನಾ ಬೆಕ್ಕಿನ ಕ್ಷೇಮ ಕೇಳುತ್ತಿದ್ದೆ.

ಮಾರ್ಚ್ 30, ಭಾನುವಾರ

ಮೊದಲ ಸಲ ಪೂರ್ತಿ ರಜೆ. ಅಕ್ಕನ ರೂಮಿಗೆ ಹೋದೆ. ಮೂರನೆಯ ಮಹಡಿ. ಕಿಟಕಿ ದೊಡ್ಡದು, ಅಮ್ಮನ ಕರ್ಟನ್ ಅರ್ಧಕ್ಕೇ ಸಾಕಾಗಿದೆ. ಉಳಿದರ್ಧದಿಂದ ಬಿಸಿಲು. ಗೋಡೆಗೆ ಹೊಸ ಕಪಾಟು. ಸ್ಕ್ರೂ ಹಾಕಿ ಕೂರಿಸಿದ್ದಾಳೆ. ಆರು ತಿಂಗಳಿಗೆ ಯಾರು ಸ್ಕ್ರೂ ಹಾಕುತ್ತಾರೆ?

ಇಷ್ಟು ದಿನ ಎದೆಯಲ್ಲಿ ಇಟ್ಟುಕೊಂಡದ್ದನ್ನು ಹೇಳಿಬಿಟ್ಟೆ. "ಅಕ್ಕ, ಆ ಪ್ರಶ್ನೆ ಯಾರೂ ಓದಲ್ವಂತೆ. ಸುಮ್ಮನೆ ನಿನ್ನನ್ನ ಮನೆ ಬಿಡಿಸಿದೆ."

ಲೋಟ ತೊಳೆಯುತ್ತಿದ್ದಳು. ತಿರುಗಲಿಲ್ಲ. "ಗೊತ್ತಿತ್ತು."

"ಏನು?"

"ನಮ್ಮ ಫಾರ್ಮಲ್ಲೂ ಇದೆ ಕಣೇ ಅದು. ನಾನೇ ಎಷ್ಟೋ ಜನರದ್ದು ಅದನ್ನ ಓದದೇ ತಗೊಂಡಿದ್ದೀನಿ."

"ಮತ್ತೆ ಯಾಕೆ ಹೊರಟೆ?"

ಲೋಟ ಬೋರಲು ಹಾಕಿ, ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. "ಮೂವತ್ತಾಗ್ತಾ ಬಂತು. ಒಂದು ರೂಮಲ್ಲಿ ಒಬ್ಬಳೇ ಇರ್ಬೇಕು ಅಂತ ಎಷ್ಟು ವರ್ಷದಿಂದ ಆಸೆ, ಗೊತ್ತಾ? ಅಮ್ಮಂಗೆ ಏನಂತ ಹೇಳಿ ಹೊರಡ್ಲಿ? ನಿನ್ನ ಫಾರ್ಮು ಬಂತು."

ಕೋಪ ಬರಬೇಕಿತ್ತು. ಬರಲಿಲ್ಲ. ಅವಳ ಮುಖ ಚೆನ್ನಾಗಿ ಕಾಣುತ್ತಿತ್ತು. ನಿದ್ದೆ ಮಾಡಿದವಳ ಮುಖ.

"ಆರು ತಿಂಗಳು?" ಕೇಳಿದೆ.

ತಲೆ ಅಲ್ಲಾಡಿಸಿದಳು, ಇಲ್ಲವೆಂದು. "ಅಮ್ಮಂಗೆ ನಾನೇ ನಿಧಾನವಾಗಿ ಹೇಳ್ತೀನಿ. ನೀನು ಬಾಯಿ ಬಿಡ್ಬೇಡ."

"ಕೇಳಿದ್ರೆ?"

"ಕೇಳದ ಹಾಗೆ ನೋಡ್ಕೋ. ಎದ್ದು ಓಡಾಡ್ತಾ ಇರು, ಅದು ನಿಂಗೆ ಬರುತ್ತಲ್ಲ."

ಇಬ್ಬರೂ ನಕ್ಕೆವು. ಮೆಟ್ಟಿಲು ಇಳಿಯುವಾಗ ನಾನೊಬ್ಬಳೇ ಅತ್ತೆ.

ಅದೇ ದಿನ, ಸಂಜೆ

ಮನೆಗೆ ಬಂದಾಗಿನಿಂದ ಓಡಾಡುತ್ತಲೇ ಇದ್ದೇನೆ. ನೀರು ತುಂಬಿಸಿದೆ. ಬಟ್ಟೆ ಒಣಹಾಕಿದೆ. ಕಸ ಇರಲಿಲ್ಲ, ಆದರೂ ಗುಡಿಸಿದೆ. ಇನ್ನೇನೂ ಕೆಲಸ ಉಳಿಯದೆ ಈಗ ಬರೆಯಲು ಕೂತಿದ್ದೇನೆ.

ಅಮ್ಮ ಮಿಷನ್ ನಿಲ್ಲಿಸಿದ್ದಾಳೆ. ಕುರ್ಚಿ ಈ ಕಡೆಗೆ ತಿರುಗಿಸಿಕೊಂಡಳು.

"ಚಕ್ರ, ನಿಜ ಹೇಳು. ಅವಳು ವಾಪಸ್ ಬರ್ತಾಳೆ ತಾನೇ?"

ಬರೆಯುವುದು ಮುಗಿಸಿ ಹೇಳುತ್ತೇನೆ ಅಂದಿದ್ದೇನೆ. ಕಾಯುತ್ತಿದ್ದಾಳೆ. ಇನ್ನು ಬರೆಯಲು ಏನೂ —